ಚಿನ್ನ ಕುದುರೆ

ವೆಸ್ಟ್ ಮಾಂಬಲಂ

ಕುದುರೆಯ ಎತ್ತರವನ್ನು ಕೈಯಲ್ಲಿ ಅಳೆಯುತ್ತಾರೆಂದು ನನಗೆ ತಿಳಿದದ್ದು ಮದ್ರಾಸಿನ ನಮ್ಮ ಬೀದಿಯ ಕನ್ನಿಯಮ್ಮನ ಹೂವಿನ ಬುಟ್ಟಿಯ ಮುಂದೆ ನಿಂತಿದ್ದಾಗ. ಅವತ್ತು ಶುಕ್ರವಾರ. ಕನ್ನಿಯಮ್ಮ ಮಲ್ಲಿಗೆಯ ಸರವನ್ನು ಮೊಣಕೈಯಿಂದ ಬೆರಳ ತುದಿಗೆ ಎಳೆದು ಮೊಳ ಹಾಕುತ್ತಿದ್ದಳು. ಅವಳ ಕೈ ಗಿಡ್ಡ. ಬೀದಿಯ ಹೆಂಗಸರಿಗೆಲ್ಲ ಆ ಕೈಯ ಮೇಲೆ ತಕರಾರಿದೆ. ಆದರೂ ಎಲ್ಲರೂ ಅವಳ ಹತ್ತಿರವೇ ಕೊಳ್ಳುತ್ತೇವೆ. ಅಷ್ಟರಲ್ಲಿ ನನ್ನ ಫೋನು ಟಿಣ್ ಎಂದಿತು. ಅನು ವೇಲ್ಸ್‌ನಿಂದ ತಮಿಳನ್ನೂ ಇಂಗ್ಲಿಷನ್ನೂ ಬೆರೆಸಿ ಬರೆದಿದ್ದಳು: ಪೆರಿಯಮ್ಮಾ, ನಿನ್ನ ಕುದುರೆ ಸವಾರಿಗೆ ಹೇಳಿಟ್ಟಿದ್ದೇನೆ, ಅಲ್ಲಿರುವುದೆಲ್ಲ ಹದಿಮೂರು ಹದಿನಾಲ್ಕು ಕೈ ಎತ್ತರದ ಕುದುರೆಗಳು, ಹೆದರಿಕೆ ಇಲ್ಲ ತಾನೆ?

ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ನಮ್ಮವರಿಗೆ ಓದಿ ಹೇಳಿದೆ. ಅವರು ಕನ್ನಿಯಮ್ಮನ ಕೈಯನ್ನೇ ನೋಡುತ್ತಾ ಲೆಕ್ಕ ಹಾಕಿದರು.

“ಹದಿನಾಲ್ಕು ಮೊಳ ಅಂದ್ರೆ ಇಪ್ಪತ್ತು ಅಡಿ ಮೇಲಾಯ್ತಲ್ಲೇ ರಮಾ! ಎರಡನೇ ಮಹಡಿ ಬಾಲ್ಕನಿಯಿಂದ ಹತ್ತಬೇಕಾಗತ್ತೆ.”

“ಕನ್ನಿಯಮ್ಮನ ಮೊಳ ಆದ್ರೆ ಸ್ವಲ್ಪ ಕಮ್ಮಿ ಆಗತ್ತೆ ಬಿಡಿ.”

ಕನ್ನಿಯಮ್ಮನಿಗೆ ಕನ್ನಡ ಬರುವುದಿಲ್ಲ. ಆದರೆ ತನ್ನ ಹೆಸರು ಬಂದ ಮಾತು ಯಾವ ಭಾಷೆಯಲ್ಲಿದ್ದರೂ ಅವಳಿಗೆ ತಿಳಿಯುತ್ತದೆ. “ಎನ್ನಮ್ಮಾ, ಎನ್ ಕೈಯೆ ಪತ್ತಿ ಎನ್ನ ಪೇಚ್ಚು?” ನನ್ನ ಕೈ ಬಗ್ಗೆ ಏನು ಮಾತು ಎಂದು ಕಣ್ಣು ಬಿಟ್ಟಳು. ಆಮೇಲೆ ತನ್ನ ಕೈಯ ಮರ್ಯಾದೆ ಉಳಿಸಿಕೊಳ್ಳಲೋ ಏನೋ, ಒಂದು ಗೇಣು ಹೂವು ಹೆಚ್ಚಿಗೆ ಹಾಕಿದಳು.

ಅನು ಫೋನ್ ಮಾಡಿ ಬಿಡಿಸಿ ಹೇಳಿದ ಮೇಲೆ ನಮ್ಮ ಭಯ ಇಳಿಯಿತು. ಅವರ ‘ಕೈ’ ಎಂದರೆ ಬರೀ ಅಂಗೈಯ ಅಗಲವಂತೆ, ಅದೂ ಕುದುರೆಯ ತಲೆಯವರೆಗಲ್ಲ, ಹೆಗಲವರೆಗೆ. ನಮ್ಮವರು ಟೇಪು ತಂದು ಅಡುಗೆಮನೆಯ ಬಾಗಿಲಿಗೆ ಪೆನ್ಸಿಲಿನ ಗೆರೆ ಎಳೆದರು. ಹದಿನಾಲ್ಕು ಕೈಯ ಕುದುರೆ ನನ್ನ ತುಟಿಯ ಮಟ್ಟಕ್ಕೆ ಬಂತು. ನಾನು ಆ ಗೆರೆಯ ಪಕ್ಕ ನಿಂತು, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಒಂದು ಕಾಲನ್ನು ಸ್ವಲ್ಪ ಎತ್ತಿ ನೋಡಿದೆ.

ಅನು ನನ್ನ ತಂಗಿ ವತ್ಸಲೆಯ ಮಗಳು. ಇಲ್ಲೇ ಅಣ್ಣಾ ನಗರದಲ್ಲಿ ಹುಟ್ಟಿ ಬೆಳೆದವಳು, ಈಗ ವೇಲ್ಸ್‌ನ ಒಂದು ಚಿಕ್ಕ ಊರಿನ ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ದೊಡ್ಡಮ್ಮ ಎನ್ನುವುದಕ್ಕೆ ಪೆರಿಯಮ್ಮ ಎನ್ನುತ್ತಾಳೆ. ಯಾವ ಭಾಷೆಯಲ್ಲಿ ಕರೆದರೂ ನಾನು ದೊಡ್ಡವಳೇ.

ಇದಕ್ಕೊಂದು ಹಳೆಯ ಕಥೆಯಿದೆ. ನಮ್ಮ ಮುತ್ತಜ್ಜನ ಕಾಲದಿಂದ ಮದ್ರಾಸಿನಲ್ಲೇ ಇದ್ದರೂ ನಮ್ಮಜ್ಜಿ ಮನೆಯಲ್ಲಿ ಬೇರೆ ಭಾಷೆ ನುಗ್ಗಲು ಬಿಟ್ಟವಳಲ್ಲ. ನನ್ನನ್ನೂ ವತ್ಸಲೆಯನ್ನೂ ಇಬ್ಬರನ್ನೂ “ಚಿನ್ನಾ” ಎಂದೇ ಕರೆಯುತ್ತಿದ್ದಳು. ಎದುರು ಮನೆಯ ಮಾಮಿಗೆ ಇದು ದೊಡ್ಡ ಗೊಂದಲ. ತಮಿಳಿನಲ್ಲಿ ಚಿನ್ನ ಎಂದರೆ ಚಿಕ್ಕದು. ಮನೆಯಲ್ಲಿ ಇಬ್ಬರೂ ಚಿಕ್ಕವರಾಗುವುದು ಹೇಗೆ? ಆಕೆಯೇ ತೀರ್ಪು ಕೊಟ್ಟರು: ಸಪೂರವಾಗಿದ್ದ ವತ್ಸಲೆ ಚಿನ್ನವಳು, ದುಂಡಗಿದ್ದ ನಾನು ಪೆರಿಯವಳು. ಬೀದಿಗೆಲ್ಲ ಅದೇ ಹೆಸರು ನಿಂತಿತು.

ಒಂದು ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಬೀಚಿಗೆ ಕರೆದುಕೊಂಡು ಹೋದರು. ಮಕ್ಕಳನ್ನು ಮರಳಿನ ಮೇಲೆ ಒಂದು ಸುತ್ತು ತಿರುಗಿಸುವ ಪುಟ್ಟ ಕಂದು ಕುದುರೆಯೊಂದಿತ್ತು. ಕುದುರೆಯವನು ವತ್ಸಲೆಯನ್ನು ಎತ್ತಿ ಕೂರಿಸಿ, ನನ್ನತ್ತ ನೋಡಿ, “ಪೆರಿಯ ಪೊಣ್ಣು ಸಾರ್, ಕುದಿರೆ ತಾಂಗಾದು,” ಎಂದ. ದೊಡ್ಡ ಹುಡುಗಿ, ಕುದುರೆ ತಡೆಯುವುದಿಲ್ಲ. ನಾನು ಅಳುವುದಕ್ಕೆ ತಯಾರಾಗುತ್ತಿದ್ದೆ. ಅಷ್ಟರಲ್ಲಿ ದಪ್ಪನೆಯ ಗಂಡಸೊಬ್ಬ ಫೋಟೋಗೆಂದು ಬಲವಂತವಾಗಿ ಅದರ ಮೇಲೆ ಕಾಲು ಹಾಕಿ ಕೂತ. ಅವನ ಚಪ್ಪಲಿ ಮರಳಿಗೆ ತಾಗುತ್ತಿತ್ತು. ಕುದುರೆಯ ಬೆನ್ನು ಬಳುಕಿ ಕೆಳಗಿಳಿಯಿತು, ಕಿವಿ ಹಿಂದಕ್ಕೆ ಮಲಗಿತು. ನನ್ನ ಅಳು ಅಲ್ಲೇ ನಿಂತುಹೋಯಿತು.

ಆಮೇಲೆ ಕಾನ್ವೆಂಟಿನ ಲೈಬ್ರರಿಯಲ್ಲಿ ಇಂಗ್ಲೆಂಡಿನ ಹುಡುಗಿಯರು ಪುಟ್ಟ ಕುದುರೆ ಸಾಕುವ ಕಥೆಗಳನ್ನು ಒಂದೂ ಬಿಡದೆ ಓದಿದೆ. ಜೀನು, ಲಗಾಮು, ಕಾಲಿಡುವ ರಿಕಾಪುಗಳ ಇಂಗ್ಲಿಷ್ ಹೆಸರುಗಳು ಬಾಯಿಪಾಠವಾಗಿದ್ದವು. ಕುದುರೆಯನ್ನು ಮಾತ್ರ ಮುಟ್ಟಿರಲಿಲ್ಲ. ಆಸೆಯೂ ಹೋಗಲಿಲ್ಲ, ಆ ಬಳುಕಿದ ಬೆನ್ನೂ ಕಣ್ಣಿನಿಂದ ಹೋಗಲಿಲ್ಲ. ಆದ್ದರಿಂದ ಈ ಪ್ರಯಾಣಕ್ಕೆ ಹೊರಡುವಾಗ ಮನಸ್ಸಿನಲ್ಲಿ ಒಂದೇ ಮಾತು ಗಟ್ಟಿ ಮಾಡಿಕೊಂಡಿದ್ದೆ. ಹತ್ತಿದರೆ ಕುದುರೆಗೆ ನೋವಾಗದಂತೆ ಹತ್ತಬೇಕು. ಇಲ್ಲವೆಂದರೆ ಕತ್ತು ಸವರಿ ವಾಪಸು ಬರಬೇಕು.

ಅನುವಿನ ಊರು

ಆ ಊರಿನ ಹೆಸರು ಎರಡು ‘ಎಲ್’ಗಳಿಂದ ಶುರುವಾಗುತ್ತದೆ. ಆದರೆ ಬಾಯಲ್ಲಿ ಬರಬೇಕಾದದ್ದು ‘ಲ’ ಅಲ್ಲ. ನಾಲಿಗೆಯನ್ನು ಲ ಎನ್ನುವ ಜಾಗದಲ್ಲಿಟ್ಟು ಪಕ್ಕದಿಂದ ಗಾಳಿ ಊದಬೇಕು. ಬಿಸಿ ಕಾಫಿ ಆರಿಸಿದಂತೆ. ನಮ್ಮವರು ಮೈಸೂರಿನಿಂದ ಮದ್ರಾಸಿಗೆ ಬಂದು ಮೂರು ದಶಕ ದಾಟಿದರೂ ತಮಿಳಿನ ‘ೞ’ ಅವರ ನಾಲಿಗೆಗೆ ಒಲಿದಿಲ್ಲ. ಬಾಳೆಹಣ್ಣು ಕೇಳಿದರೆ ಅಂಗಡಿಯವನು ಇವತ್ತಿಗೂ ನಗುತ್ತಾನೆ. ಇಲ್ಲಿ ಬಸ್ಸಿನ ಡ್ರೈವರಿಗೆ ಊರಿನ ಹೆಸರು ಹೇಳಲು ಹೋಗಿ ಅವನ ಮುಖಕ್ಕೆ ಉಫ್ ಎಂದು ಊದಿಬಿಟ್ಟರು. ಆತ ಕನ್ನಡಕ ಒರೆಸಿಕೊಂಡು, ಬಹಳ ಚೆನ್ನಾಗಿ ಹೇಳಿದಿರಿ ಎಂದ.

ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ, ಶಾಲೆಯ ಮಕ್ಕಳು ಕೂಡ. ನಮ್ಮಲ್ಲಿ ಹೇಳಬಾರದೆಂದಿಲ್ಲ; ಎರಡನೇ ಕಾಲು ನೆಲಕ್ಕೆ ಬರುವಷ್ಟರಲ್ಲಿ ಬಸ್ಸು ಮುಂದಿನ ಸ್ಟಾಪಿನಲ್ಲಿರುತ್ತದೆ, ಅಷ್ಟೆ. ಇನ್ನೊಂದು ವಿಷಯ ಗಮನಿಸಿದೆ. ಮಳೆ ಹನಿಯುತ್ತಿದ್ದರೂ ಹಗ್ಗದ ಮೇಲಿನ ಬಟ್ಟೆಯನ್ನು ಯಾರೂ ತೆಗೆಯುವುದಿಲ್ಲ. ಬಿಸಿಲು ಬರುತ್ತದೆ ಎಂದು ಅವರಿಗೆ ಅಷ್ಟು ನಂಬಿಕೆ. ಮೊದಲ ದಿನ ಎದುರು ಮನೆಯ ಒದ್ದೆ ಲಂಗಗಳನ್ನು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಓಡಿಹೋಗಿ ತೆಗೆದು ಮಡಚಿ ಅವರ ಬಾಗಿಲಿಗೆ ಕೊಟ್ಟೆ. ಆ ಹೆಂಗಸು ಬಹಳ ಸಂತೋಷದಿಂದ ತೆಗೆದುಕೊಂಡು, ನಾನು ಮರೆಯಾದ ಮೇಲೆ ಮತ್ತೆ ಹಗ್ಗಕ್ಕೆ ಹಾಕಿದಳು.

ಎಲ್ಲ ಬೋರ್ಡುಗಳೂ ಎರಡು ಭಾಷೆಯಲ್ಲಿ. ಮೇಲೆ ಅವರದು, ಕೆಳಗೆ ಇಂಗ್ಲಿಷು. ಆದರೆ ನಾವು ಟೀ ಕುಡಿಯಲು ಹೋದ ಹಳೆಯ ಅಂಗಡಿಯ ಹಿಂಬಾಗಿಲಿನ ಮೇಲೆ ಅವರ ಭಾಷೆ ಮಾತ್ರ ಇತ್ತು. ನಮ್ಮವರಿಗೆ ಅರ್ಜೆಂಟು. ಆ ಬಾಗಿಲೇ ಹೌದೋ ಅಲ್ಲವೋ ಎಂದು ಒದ್ದಾಡುತ್ತಾ ನಿಂತರು.

“ಅದು ತಾನ್ ಪೆರಿಯಪ್ಪಾ, ಪೋಂಗೋ,” ಎಂದಳು ಅನು. “ತೀ ಬಾಖ್. ತೀ, ವೀಡು. ಬಾಖ್, ಚಿನ್ನ.”

ನಮ್ಮವರು ಅರ್ಜೆಂಟನ್ನೂ ಮರೆತು ತಿರುಗಿದರು. “ಏನು? ಚಿನ್ನ ವೀಡಾ?”

ಮದ್ರಾಸಿನಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರ್ನಾಟಕದಲ್ಲಿರುವವರಿಗೆ ಹೇಳುತ್ತೇನೆ: ಗಂಡಸಿಗೆ ಚಿನ್ನ ವೀಡು ಇದೆ ಎಂದರೆ ಹೆಂಡತಿಗೆ ಗೊತ್ತಿಲ್ಲದ ಇನ್ನೊಂದು ಸಂಸಾರ ಇದೆ ಎಂದು ಅರ್ಥ. ನಮ್ಮ ಕನ್ನಡದಲ್ಲೂ ಚಿಕ್ಕ ಮನೆ ಎಂದರೆ ಅದೇ. ವೇಲ್ಸಿನವರಿಗೆ ಮಾತ್ರ ಅದು ಬರೀ ಕಕ್ಕಸು.

“ಏ ರಮಾ, ಒಂದ್ನಿಮಿಷ ಚಿನ್ನ ವೀಡಿಗೆ ಹೋಗಿ ಬರ್ತೀನಿ ಕಣೇ. ಪರ್ಮಿಷನ್ ಉಂಟಾ?”

“ಹೋಗಿ ಬನ್ನಿ. ಬರೋವಾಗ ಕೈ ತೊಳ್ಕೊಂಡು ಬನ್ನಿ.”

ಅನು ಟೀ ಕಪ್ಪಿನಲ್ಲೇ ಕೆಮ್ಮಿದಳು. ಅವತ್ತಿನಿಂದ ಆ ಊರಿನಲ್ಲಿದ್ದಷ್ಟು ದಿನವೂ ನಮ್ಮವರು ಪ್ರತಿ ಹೊತ್ತೂ ನನ್ನ ಪರ್ಮಿಷನ್ ಕೇಳಿಯೇ ಹೋದರು. ಹೀಗೆ ಆ ಭಾಷೆಯಲ್ಲಿ ನಾನು ಕಲಿತ ಮೊದಲ ಪದ ‘ಬಾಖ್’. ಬಾಖ್ ಎಂದರೆ ಚಿಕ್ಕದು. ಚೆನ್ನಾಗಿ ನೆನಪಿಟ್ಟುಕೊಂಡೆ. ಅಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳಬಾರದಿತ್ತು.

ಮೇಗನ್ ಅವರ ಅಡುಗೆಮನೆ

ಕುದುರೆ ಇಟ್ಟಿರುವವರ ಮನೆ ಊರಾಚೆಯ ಗುಡ್ಡದ ಬುಡದಲ್ಲಿ. ಮನೆಯೊಡತಿ ಮೇಗನ್. ಎಪ್ಪತ್ತರ ಹತ್ತಿರವಿರಬೇಕು, ಬೆಳ್ಳಿ ಕೂದಲು, ಮೊಣಕಾಲಿನವರೆಗೆ ರಬ್ಬರ್ ಬೂಟು. ನನ್ನ ಕಣ್ಣು ಕಿಟಕಿಯಾಚೆ ಕುದುರೆಗಳನ್ನು ಹುಡುಕುತ್ತಿದ್ದರೆ ಆಕೆ ಮೊದಲು ಟೀಗೆ ಕರೆದರು.

ನಾನು ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ, ತಮಗೆ ಬಹಳ ತೊಂದರೆ ಕೊಡುತ್ತಿದ್ದೇವೆ, ದಯವಿಟ್ಟು ಕ್ಷಮಿಸಬೇಕು ಎಂದೆ. ಮೇಗನ್ ನೆಟ್ಟಗೆ ನಿಂತುಬಿಟ್ಟರು. “ಅಯ್ಯೋ, ನಮ್ಮ ಹಳೇ ಹೆಡ್‌ಮಿಸ್ಟ್ರೆಸ್ ಎದ್ದು ಬಂದ ಹಾಗಾಯ್ತು ನನಗೆ! ಕೈಯಲ್ಲಿ ಸ್ಕೇಲ್ ಇಲ್ಲ ತಾನೆ?”

ಟೀ ಬರುವವರೆಗೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿ, ಅಲ್ಲ ಅಲ್ಲ ಒಲೆಯ ಹತ್ತಿರ ಬೆಚ್ಚಗಿದೆ ಅಲ್ಲಿ ಕೂರಿ, ಇಲ್ಲಿಂದ ಗುಡ್ಡ ಚೆನ್ನಾಗಿ ಕಾಣುತ್ತದೆ ಇಲ್ಲಿ ಬನ್ನಿ ಎಂದು ಮೂರು ಸಲ ಎಬ್ಬಿಸಿ ಕೂರಿಸಿದರು. ಉಪಚಾರ ಸ್ವಲ್ಪ ಹೆಚ್ಚಾಯಿತು ಎಂದುಕೊಂಡೆ. ಆಮೇಲೆ ನಗುತ್ತಾ ಅವರೇ ಹೇಳಿದರು. ಕುದುರೆ ಹತ್ತಲು ಬಂದವರೆಲ್ಲರನ್ನೂ ಆಕೆ ಹೀಗೇ ಕೂರಿಸಿ ಏಳಿಸಿ ನೋಡುತ್ತಾರಂತೆ. ಕೆಲವರು ಕುರ್ಚಿಗೆ ಮೂಟೆಯಂತೆ ಬೀಳುತ್ತಾರೆ. ಕೆಲವರು ಮೈಯನ್ನು ತಾವೇ ಹಿಡಿದುಕೊಂಡು ಇಳಿಯುತ್ತಾರೆ. “ತೂಕ ಒಂದೇ ಇರಬಹುದು, ಆದರೆ ಬೆನ್ನಿಗೆ ಅದು ಒಂದೇ ಅಲ್ಲ. ನೀವು ಇಳಿಯುವವರು.”

ಇಳಿಯುವುದು ನನಗೆ ಬರದೆ ಏನು? ಐವತ್ತು ವರ್ಷ ನೆಲದ ಮೇಲೆ ಕೂತು ಎದ್ದ ಮೈ. ಅಂಥ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿರಲಿಲ್ಲ. ಆದರೆ ಅದರ ಖುಷಿ ನಿಮಿಷವೂ ನಿಲ್ಲಲಿಲ್ಲ. ಮೇಗನ್ ಬಾಗಿಲಿನ ಹಿಂದಿನ ತೂಕದ ಯಂತ್ರವನ್ನು ತೋರಿಸಿದರು. ಎಷ್ಟೇ ಚೆನ್ನಾಗಿ ಕೂತರೂ ಅದರ ಮೇಲೆ ನಿಲ್ಲದೆ ಯಾರಿಗೂ ಕುದುರೆ ಇಲ್ಲವಂತೆ.

ಮಾಂಬಲಂ ಸ್ಟೇಷನ್ನಿನಲ್ಲಿ ಮೊದಲೆಲ್ಲ ಬಣ್ಣದ ದೀಪ ಉರಿಯುವ ತೂಕದ ಯಂತ್ರವಿರುತ್ತಿತ್ತು. ಹತ್ತಿ ನಿಂತರೆ ಕಾರ್ಡು ಬೀಳುತ್ತಿತ್ತು, ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ನಾನು ಯಾವಾಗಲೂ ಭವಿಷ್ಯದ ಬದಿಯನ್ನೇ ಓದುತ್ತಿದ್ದೆ. ಇಲ್ಲಿ ಆ ಅನುಕೂಲವಿಲ್ಲ. ಬೂಟು, ಕೋಟು, ಟೋಪಿ ಎಲ್ಲ ಹಾಕಿಕೊಂಡೇ ನಿಲ್ಲಬೇಕಂತೆ, ಕುದುರೆ ಅವನ್ನೂ ಹೊರಬೇಕಲ್ಲ. ನಮ್ಮವರು ಸೌಜನ್ಯದಿಂದ ಗೋಡೆಯ ಮೇಲಿನ ಗಡಿಯಾರವನ್ನು ಓದಲು ಹೋದರು. ನಾನು ಕಣ್ಣು ಮುಚ್ಚಿ ಹತ್ತಿದೆ.

ಮೇಗನ್ ಮುಳ್ಳನ್ನು ನೋಡಿದರು. ಅಂಕಿ ಹೇಳಲಿಲ್ಲ. ಆಕೆ ಯಾರಿಗೂ ಅಂಕಿ ಹೇಳುವುದೇ ಇಲ್ಲವಂತೆ, ಕುದುರೆಯ ಹೆಸರು ಹೇಳುತ್ತಾರೆ. ಅನು ಹತ್ತಿದಾಗ “ಸೆರೆನ್” ಎಂದರು. ನನ್ನನ್ನು ನೋಡಿ ಮುಖ ತುಂಬ ನಗುತ್ತಾ, “ಟೋಮೋಸ್ ಬಾಖ್!” ಎಂದರು.

ಬಾಖ್. ಚಿಕ್ಕದು. ಯಂತ್ರದಿಂದ ಮೆಲ್ಲಗೆ ಇಳಿದೆ.

ಅಂಗಳ

“ಎನ್ನಾಚ್ಚು ಪೆರಿಯಮ್ಮಾ? ಮುಖಂ ಏನ್ ಇಪ್ಪಡಿ ಪೋಚ್ಚು?” ಮುಖ ಯಾಕೆ ಹೀಗಾಯಿತು ಎಂದು ಅನು ಅಂಗಳಕ್ಕೆ ಇಳಿಯುವಾಗ ಕೇಳಿದಳು.

“ಏನಿಲ್ಲ ಕಂದಾ. ನೀನು ಹತ್ತು. ನಾನು ದೊಡ್ಡಪ್ಪನ ಜೊತೆ ಇಲ್ಲೇ ನೋಡ್ತಾ ಕೂತಿರ್ತೀನಿ.”

“ವಿಳೈಯಾಡರಿಯಾ? ಉನಕ್ಕಾಗ ದಾನೇ ಇದೆಲ್ಲಾಂ!” ಆಟ ಆಡುತ್ತೀಯಾ, ನಿನಗೋಸ್ಕರ ತಾನೆ ಇದೆಲ್ಲ ಎಂದು ರೇಗಿದಳು.

ಅವಳಿಗೆ ಏನೆಂದು ಹೇಳಲಿ? ಆ ಹೆಂಗಸು ಮರ್ಯಾದೆಗಾಗಿ ನನ್ನ ತೂಕವನ್ನು ಕಡಿಮೆ ಅಂದಾಜು ಮಾಡಿದ್ದಾರೆ, ಪಾಪದ ಮರಿ ಕುದುರೆಯೊಂದನ್ನು ನನಗೆ ಗಂಟು ಹಾಕುತ್ತಿದ್ದಾರೆ ಎಂದೇ ನನ್ನ ಲೆಕ್ಕ. ಕಣ್ಣ ಮುಂದೆ ಬೀಚಿನ ಮರಳು, ತಾಗುವ ಚಪ್ಪಲಿ, ಹಿಂದಕ್ಕೆ ಮಲಗಿದ ಕಿವಿ.

ನಮ್ಮವರಿಗೆ ನನ್ನ ಮುಖ ಓದಲು ಬರುತ್ತದೆ. ಅಂಗಳದ ಆಚೆ ತುದಿಯಲ್ಲಿ ಕಟ್ಟಿದ್ದ ಕಪ್ಪು ಕುದುರೆಯನ್ನು ಮೆಲ್ಲಗೆ ತೋರಿಸಿದರು. ಎತ್ತರವಾಗಿ, ತೆಳ್ಳಗೆ, ಹೊಳೆಯುವ ಮೈ. “ಅದನ್ನ ಕೇಳು. ಅಡುಗೆಮನೆ ಗೆರೆಗಿಂತ ಎಷ್ಟೋ ಮೇಲಿದೆ. ನಿನ್ನನ್ನ ಹೂವಿನ ಹಾಗೆ ಹೊರತ್ತೆ.”

ಧೈರ್ಯ ಮಾಡಿ ಮೇಗನ್ ಅವರನ್ನು ಕೇಳಿದೆ. ಆಕೆ ತಲೆಯಾಡಿಸಿದರು. “ಅದಾ? ಅದು ನೋಡಲಿಕ್ಕೆ ಎತ್ತರ ಅಷ್ಟೆ. ಬೆನ್ನು ನೋಡಿ, ಎಷ್ಟು ಉದ್ದ. ಉದ್ದ ಹಲಗೆ ನಡುವೆ ಬಾಗುತ್ತದಲ್ಲ, ಹಾಗೆ. ಮುಂಗಾಲಿನ ಮೂಳೆ ನೋಡಿ, ನನ್ನ ಮಣಿಕಟ್ಟಿನಷ್ಟಿದೆ. ಅದಕ್ಕೆ ಅನು ಥರದವರೂ ಭಾರವೇ. ಅದೂ ಅಲ್ಲದೆ ನಿಮ್ಮ ಕಾಲು ಅಷ್ಟು ಉದ್ದವಿಲ್ಲ, ಮೇಲೆ ಕೂತರೆ ಅಲಮಾರಿನ ಮೇಲಿಟ್ಟ ಗೊಂಬೆ ಥರ ಕಾಣುತ್ತೀರಿ. ಎತ್ತರಕ್ಕೂ ಹೊರೋದಕ್ಕೂ ಸಂಬಂಧ ಕಡಿಮೆ.”

“ಹಾಗಾದರೆ ಆ ಚಿಕ್ಕದು ನನ್ನನ್ನು ಹೇಗೆ ಹೊರುತ್ತದೆ?” ತಡೆಯಲಾರದೆ ಕೇಳಿಯೇ ಬಿಟ್ಟೆ. “ಅದಕ್ಕೆ ನೋವಾಗುವುದಾದರೆ ನನಗೆ ಸವಾರಿ ಬೇಡ. ನಿಜವಾಗಿಯೂ ಬೇಡ.”

“ಯಾವ ಚಿಕ್ಕದು?”

“ಟೋಮೋಸ್. ನೀವೇ ಹೇಳಿದಿರಲ್ಲ, ಬಾಖ್ ಎಂದು.”

ಮೇಗನ್ ಬಾಯಿ ತೆರೆಯುವಷ್ಟರಲ್ಲಿ ಲಾಯದೊಳಗೆ ಏನೋ ಉರುಳಿದ ಸದ್ದಾಯಿತು. ಆಕೆ ಅತ್ತ ತಿರುಗಿ, “ಎಮ್ರಿಸ್ ಬಾಖ್!” ಎಂದು ಕೂಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಒಳಗಿನಿಂದ ಅವರ ಗಂಡ ಬಂದರು. ಬಂದರು ಎಂದರೆ, ಮೊದಲು ಒಂದು ಹೆಗಲು ಬಂತು, ಬಾಗಿಲಿನ ಕಮಾನಿಗೆ ತಗ್ಗಿದ ತಲೆ ಬಂತು, ಆಮೇಲೆ ನಿಧಾನವಾಗಿ ಮಿಕ್ಕವರು ಬಂದರು. ನೆಟ್ಟಗಾದಾಗ ಲಾಯದ ಸೂರೇ ಅವರ ಭುಜದ ಮೇಲೆ ನಿಂತಂತೆ ಕಾಣುತ್ತಿತ್ತು. ಒಂದು ಕೈಯಲ್ಲಿ ಜೀನು. ಇನ್ನೊಂದು ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಟೋಮೋಸ್.

ನಮ್ಮವರು ತಲೆ ಎತ್ತಿ ಎಮ್ರಿಸರನ್ನು ಪಾದದಿಂದ ನೆತ್ತಿಯವರೆಗೆ ನೋಡಿ ಕನ್ನಡದಲ್ಲಿ, “ಇವರು ಚಿನ್ನ ಆದ್ರೆ ಇವರಣ್ಣ ಹೇಗಿರಬಹುದು ಕಣೇ?” ಎಂದರು.

ಟೋಮೋಸ್ ಎತ್ತರದಲ್ಲಿ ನಮ್ಮ ಪೆನ್ಸಿಲ್ ಗೆರೆಗಿಂತ ಸ್ವಲ್ಪ ಕೆಳಗೇ ಇತ್ತು. ಆದರೆ ಅಗಲ! ನಮ್ಮಜ್ಜಿಯ ಕಾಲದ ರುಬ್ಬುವ ಕಲ್ಲಿಗೆ ನಾಲ್ಕು ಕಾಲು ಬಂದಂತಿತ್ತು. ಗಿಡ್ಡ ಬೆನ್ನು, ತುಂಬಿದ ಎದೆ, ಮಂಡಿಯ ಕೆಳಗೆ ನನ್ನ ತೋಳಿನಷ್ಟು ದಪ್ಪದ ಕಾಲುಗಳು, ಗೊರಸಿನ ಮೇಲೆ ಕೂದಲಿನ ಕುಚ್ಚು. ಬೂದು ಬಣ್ಣ, ಮೂಗಿನ ಮೇಲೆ ಗಂಧ ತೇದು ಹಚ್ಚಿದಂಥ ಬಿಳಿ ಪಟ್ಟೆ. ಅದು ನನ್ನನ್ನು ನೋಡಿ ಆಕಳಿಸಿತು.

ಮೇಗನ್ ಈಗ ನಗುವನ್ನು ಹಿಡಿಯಲಾರದೆ ಹೇಳಿದರು. ಬಾಖ್ ಎಂದರೆ ಚಿಕ್ಕದು ಹೌದು. ಆದರೆ ಹೆಸರಿನ ಹಿಂದೆ ಬಂದರೆ ಅಳತೆಯಲ್ಲ, ಪ್ರೀತಿ. ಗಂಡನಿಗೂ ಅದೇ, ಕುದುರೆಗೂ ಅದೇ, ನೆರೆಮನೆಯ ತೊಂಬತ್ತು ದಾಟಿದ ಅಜ್ಜಿಗೂ ಅದೇ. “ನಿಮ್ಮಲ್ಲಿ ಇಂಥ ಪದ ಇಲ್ಲವೇ?”

ಇಲ್ಲದೆ ಏನು! ನಮ್ಮ ಮನೆಯಲ್ಲಿ ಒಂದು ಪದವಿತ್ತು, ನೆರೆಯವರ ಭಾಷೆಯಲ್ಲಿ ಅದಕ್ಕೆ ಚಿಕ್ಕದು ಎಂದರ್ಥ, ನಮ್ಮ ಭಾಷೆಯಲ್ಲಿ ಬಂಗಾರ ಎಂದರ್ಥ, ಅಜ್ಜಿ ಕರೆದದ್ದು ಬಂಗಾರವೆಂದು, ಬೀದಿಗೆ ಕೇಳಿಸಿದ್ದು ಚಿಕ್ಕದೆಂದು ಎಂದೆ. ಇಷ್ಟು ವರ್ಷ ನಾನು ಯಾರಿಗೂ ಇದನ್ನು ಬಿಡಿಸಿ ಹೇಳಿರಲಿಲ್ಲ. ಹೇಳಬೇಕೆಂದು ಅನಿಸಿಯೂ ಇರಲಿಲ್ಲ. ಮೇಗನ್ ಟೋಮೋಸ್‌ನ ಕತ್ತು ತಟ್ಟಿದರು. “ನನ್ನ ಮೊಮ್ಮಕ್ಕಳಿಗೂ ನನ್ನ ಮಾತು ಹೇಗೆ ಕೇಳಿಸುತ್ತದೋ,” ಎಂದರು. “ನಾನು ನಮ್ಮ ಮಾತಿನಲ್ಲಿ ಕೇಳುತ್ತೇನೆ, ಅವರು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಎಷ್ಟು ಅರ್ಥವಾಗಿದೆಯೋ ದೇವರೇ ಬಲ್ಲ.”

ಅನು ಟೋಮೋಸ್‌ನ ಕುಚ್ಚನ್ನು ನೋಡುತ್ತಾ ನಿಂತಿದ್ದಳು. “ನಂಗೆ ಎಲ್ಲಾ ಅರ್ಥ ಆಗತ್ತೆ ದೊಡ್ಡಮ್ಮ,” ಎಂದಳು. ಕನ್ನಡದಲ್ಲಿ.

ಗುಡ್ಡ

ಹತ್ತಲು ಮೆಟ್ಟಿಲಿನ ಕಲ್ಲೊಂದಿತ್ತು. ಅದು ನನಗಾಗಿ ಅಲ್ಲ, ಕುದುರೆಗಾಗಿ ಎಂದರು ಮೇಗನ್. ನೆಲದಿಂದ ಎಳೆದುಕೊಂಡು ಹತ್ತಿದರೆ ಬೆನ್ನು ಒಂದೇ ಪಕ್ಕಕ್ಕೆ ಜಗ್ಗುತ್ತದೆ. ಕುರ್ಚಿಯ ಮೇಲೆ ಇಳಿದಂತೆ ಇಳಿದೆ. ಟೋಮೋಸ್ ಒಂದು ಹೆಜ್ಜೆ ಕಾಲು ಅಗಲಿಸಿ, ದೀರ್ಘವಾಗಿ ಉಸಿರು ಬಿಟ್ಟಿತು.

“ನೋಡಿ, ಉಸ್ಸಪ್ಪಾ ಅಂತು!” ಎಂದೆ ಗಾಬರಿಯಿಂದ.

“ಅದು ಕೆಲಸ ಶುರುವಾಯ್ತಲ್ಲಪ್ಪಾ ಎಂಬ ಉಸಿರು. ನಮ್ಮ ಎಮ್ರಿಸ್ ಕೂಡ ಬೆಳಿಗ್ಗೆ ಹಾಗೇ ಬಿಡುತ್ತಾನೆ. ಕಿವಿ ನೋಡಿ.”

ಕಿವಿ ಮುಂದಕ್ಕಿತ್ತು. ನನ್ನ ಪಾದಗಳು ಅದರ ಹೊಟ್ಟೆಯ ಗೆರೆಗೆ ಸರಿಯಾಗಿ ನಿಂತಿದ್ದವು. ಕೆಳಗೆ ತೂಗಾಡುತ್ತಲೂ ಇರಲಿಲ್ಲ, ಮೇಲೆ ಮುದುಡಿಯೂ ಇರಲಿಲ್ಲ. ಮೇಗನ್ ದೂರ ನಿಂತು, ದರ್ಜಿ ಕುಪ್ಪಸ ನೋಡುವಂತೆ ಕತ್ತು ವಾಲಿಸಿ ನೋಡಿ, “ಸರಿಹೋಯ್ತು,” ಎಂದರು. ಹೊಲಿಸಿದ ಬಟ್ಟೆಯ ವಿಷಯದಲ್ಲೂ ನನಗೆ ಈ ಮಾತು ಮೊದಲ ಸಲಕ್ಕೆ ಸಿಕ್ಕಿದ್ದಿಲ್ಲ.

ಮುಂದೆ ಮೇಗನ್, ನಡುವೆ ನಾನು, ಹಿಂದೆ ಅನು. ಪಕ್ಕದಲ್ಲಿ ಛತ್ರಿ ಹಿಡಿದು ನಮ್ಮವರು, ದಿಬ್ಬಣದಲ್ಲಿ ಹೆಣ್ಣಿನ ಕಡೆಯವರಂತೆ. ದಾರಿಯ ಎರಡೂ ಕಡೆ ಜರಿಗಿಡ, ಮೇಲೆ ಕುರಿಗಳು. ಟೋಮೋಸ್‌ಗೆ ಅದರದೇ ಪದ್ಧತಿಗಳಿದ್ದವು. ಗೇಟು ದಾಟಿದ ಮೇಲೆ ಹಿಂದಿನವರು ಅದನ್ನು ಮುಚ್ಚಿ ಚಿಲಕ ಹಾಕಿದ ಸದ್ದು ಕೇಳುವವರೆಗೆ ಅದು ಹೆಜ್ಜೆ ಎತ್ತುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಇಂಥದ್ದೊಂದನ್ನು ನೇಮಿಸಬೇಕು ಎಂದುಕೊಂಡೆ. ಏರು ಬಂದಾಗ ನನ್ನ ಕಾಲುಗಳ ನಡುವೆ ಅದರ ಹೆಗಲು ಒಂದಾದ ಮೇಲೊಂದು ಏಳುವುದು ತಿಳಿಯುತ್ತಿತ್ತು. ನಾನು ಉಸಿರು ಬಿಗಿಹಿಡಿದು ಹಗುರಾಗಲು ನೋಡುತ್ತಿದ್ದೆ.

“ಉಸಿರಾಡಿ!” ಮೇಗನ್ ತಿರುಗದೆಯೇ ಕೂಗಿದರು. “ಹಿಡಿದುಕೊಂಡರೆ ಭಾರ ಕಡಿಮೆಯಾಗುವುದಿಲ್ಲ!”

ಗುಡ್ಡದ ನೆತ್ತಿಯಲ್ಲಿ ಎಲ್ಲರೂ ಇಳಿದೆವು. ಕುದುರೆಗೂ ಬಿಡುವು ಬೇಕಲ್ಲ. ದೂರದಲ್ಲಿ ಬೂದು ಸಮುದ್ರ. ನಮ್ಮವರು ಚೀಲದಿಂದ ಪುಳಿಯೋಗರೆ ಡಬ್ಬಿ ತೆಗೆದರು. ಟೋಮೋಸ್ ಬಹಳ ಆಸಕ್ತಿಯಿಂದ ಮೂತಿ ತಂದು ಡಬ್ಬಿಗೆ ಇಟ್ಟಿತು. ಇಂಗಿನ ವಾಸನೆ ಒಳಗೆ ಹೋದದ್ದೇ ತಡ, ಮೇಲ್ತುಟಿ ಆಕಾಶಕ್ಕೆ ಮಡಚಿ, ಹಲ್ಲು ಪೂರಾ ತೋರಿಸಿ, ನಮ್ಮವರ ಅಂಗಿಯ ಮೇಲೆ ಸೀನಿತು.

“ರಮಾ, ಇದು ನಮ್ಮ ಕಡೆ ಕುದುರೆ ಅಲ್ಲ ಬಿಡೇ,” ಎಂದರು ನಮ್ಮವರು ಅಂಗಿ ಒರೆಸಿಕೊಳ್ಳುತ್ತಾ. ಮೇಗನ್ ಮಾತ್ರ ಎರಡು ಸಲ ಹಾಕಿಸಿಕೊಂಡು ತಿಂದರು. ಇಳಿಜಾರು ಬೆನ್ನಿಗೆ ಕಷ್ಟವೆಂದು ವಾಪಸು ಬರುವಾಗ ಕಡಿದಾದ ಕಡೆಯಲ್ಲೆಲ್ಲ ನಾವೂ ನಡೆದೆವು. ಟೋಮೋಸ್ ನನ್ನ ಹೆಗಲಿನ ಪಕ್ಕವೇ ಬಂತು. ಮಾತಿಲ್ಲದೆ ಜೊತೆಗೆ ನಡೆಯುವುದು ಇಷ್ಟು ಸುಖವೆಂದು ಗೊತ್ತಿರಲಿಲ್ಲ. ನಮ್ಮವರಿಗೆ ಹೇಳಿದೆ. ಅವರು ಆ ವಿಷಯದ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಬೆನ್ನು

ಅಂಗಳಕ್ಕೆ ಬಂದ ಮೇಲೆ ಅನುವೂ ನಮ್ಮವರೂ ಟೀಗೆ ಒಳಗೆ ಹೋದರು. ನಾನು ಹೋಗಲಿಲ್ಲ. ಮೇಗನ್‌ಗೆ ಕಾರಣ ಹೇಳಬೇಕಾಗಲಿಲ್ಲ. ಪಟ್ಟಿ ಬಿಚ್ಚಿ ಜೀನು ಎತ್ತಿದರು. ಕೆಳಗೆ ಬೂದು ಕೂದಲು ಬೆವರಿನಿಂದ ಒದ್ದೆಯಾಗಿತ್ತು. ಮೇಗನ್ ಮುಖ ನೋಡಿದೆ.

“ಒದ್ದೆಯಾಗಬೇಕು,” ಎಂದರು. “ಎರಡೂ ಕಡೆ ಒಂದೇ ಸಮ ಒದ್ದೆಯಾಗಿದೆಯಾ ನೋಡಬೇಕು. ನಡುವೆ ಒಣಗಿದ ಮಚ್ಚೆ ಇದ್ದರೆ ಅಲ್ಲಿ ಒತ್ತಿದೆ ಎಂದರ್ಥ.” ಒಣಗಿದ ಮಚ್ಚೆ ಇರಲಿಲ್ಲ. “ಈಗ ನಿಜವಾದ ಪರೀಕ್ಷೆ. ನೊಂದಿದ್ದರೆ ಬೆರಳು ತಾಗಿದ ಕೂಡಲೇ ಬೆನ್ನು ಕೆಳಗೆ ತಗ್ಗಿಸುತ್ತಾನೆ. ಎಂಥ ಒಳ್ಳೆಯ ಕುದುರೆಯೂ ಇದನ್ನು ಮುಚ್ಚಿಡಲಾರದು.”

ಎರಡು ಬೆರಳುಗಳನ್ನು ಬೆನ್ನುಮೂಳೆಯ ಪಕ್ಕ ಇಟ್ಟು ಹೆಗಲಿನಿಂದ ಬಾಲದತ್ತ ಒತ್ತುತ್ತಾ ಹೋದರು. ಬೀಚಿನ ಕಂದು ಕುದುರೆಯ ಬೆನ್ನು ನನ್ನ ಕಣ್ಣ ಮುಂದೆ ಬಂತು. ನಾನು ಟೋಮೋಸ್‌ನ ಬೆನ್ನಿನ ಗೆರೆಯನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ಇನ್ನೊಂದು ಪಕ್ಕ. ಅಲುಗಲಿಲ್ಲ. ಕೆಳದುಟಿ ಜೋಲು ಬಿಟ್ಟು, ಒಂದು ಹಿಂಗಾಲನ್ನು ಮಡಚಿ, ಟೋಮೋಸ್ ನಿದ್ದೆಗೆ ಜಾರುತ್ತಿತ್ತು.

ಮೇಗನ್ ನನ್ನ ಕೈ ಹಿಡಿದು ಅದೇ ಜಾಗದಲ್ಲಿಟ್ಟರು. “ನೀವೇ ಒತ್ತಿ. ಇನ್ನೂ ಜೋರಾಗಿ.” ಬೆಚ್ಚಗೆ, ಒದ್ದೆಯಾಗಿ, ಗಟ್ಟಿಯಾಗಿ ಇತ್ತು. ಒತ್ತಿದೆ. ನಿದ್ದೆಯಲ್ಲೇ ಅದು ಬಾಲವನ್ನೊಮ್ಮೆ ಬೀಸಿತು, ನೊಣ ಓಡಿಸಿದಂತೆ.

“ಈಗಲಾದರೂ ನಂಬಿಕೆ ಬಂತಾ, ರಮಾ ಬಾಖ್?”

ಬಂತು ಎಂದು ತಲೆಯಾಡಿಸಿದೆ. ಮೇಗನ್ ಬ್ರಷ್ಷು ಹಿಡಿದು ಬೆನ್ನು ಉಜ್ಜತೊಡಗಿದರು, ನಾನು ಇನ್ನೊಂದು ಪಕ್ಕ ಉಜ್ಜಿದೆ.

ಸಂಜೆ ಅಣ್ಣಾ ನಗರಕ್ಕೆ ಫೋನ್ ಮಾಡಿದೆ. ವತ್ಸಲೆ ಕಾಯುತ್ತಾ ಕೂತಿದ್ದಳೇನೋ, ಮೊದಲ ಗಂಟೆಗೇ ಎತ್ತಿದಳು. ಹೇಗಿದ್ದೀ, ಊಟ ಆಯಿತಾ ಏನೂ ಇಲ್ಲ.

“ಅಕ್ಕಾ, ತಾಂಗಿಚ್ಚಾ?”

ಕುದುರೆ ತಡೆಯಿತಾ ಎಂದು. ಬೀಚಿನ ಮಾತನ್ನು ಅವಳೂ ಮರೆತಿರಲಿಲ್ಲ.

“ತಾಂಗಿಚ್ಚು ಕಣೇ. ಚೆನ್ನಾಗಿ ತಾಂಗಿಚ್ಚು. ಬೆನ್ನು ಒತ್ತಿ ನೋಡಿದೆ.”

ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ಎಂದಿನ ತುಂಟತನ. “ಹಾಗಾದ್ರೆ ರೊಂಬ ಪೆರಿಯ ಕುದುರೆನೇ ಕೊಟ್ಟಿರಬೇಕು ನಿಂಗೆ.”

“ಇಲ್ಲ,” ಎಂದೆ. “ಚಿನ್ನ ಕುದುರೆ.”

ಯಾವ ಭಾಷೆಯಲ್ಲಿ ಎಂದು ಅವಳು ಕೇಳಲಿಲ್ಲ.